ಗೆಲಾಕ್ಸಿಯ ನಡುಮಧ್ಯ

“ಮೋರಟಗಿ ಅನ್ನೂದು ಊರ ಹೆಸರಾತ್ರಿ. ನಾ ಅಡ್ಡಹೆಸರ ಕೇಳಿದೆ,” ಎಂದು ಪ್ರಾಚಾರ್ಯ ಬಸಂತರಾಯರು ನಕ್ಕರು.

“ಅಡ್ಡಹೆಸರೂ ಅದನ್ನ ಬರ್ಕೋತೇನ್ರಿ,” ಎಂದ ಉಪನ್ಯಾಸಕ್ಕೆ ಬಂದಿದ್ದ ಖಗೋಳವಿಜ್ಞಾನಿ ಪ್ರೇಮಕುಮಾರ.

ಊರಿನ ಹೆಸರು ಕಟ್ಟಿಕೊಂಡರೆ ಕೇರಿಯ ಹೆಸರು ಅದರ ಹಿಂದೆ ಅಡಗುತ್ತದೆ. ಪುಣೆಯಲ್ಲಿ ವರ್ಷಗಟ್ಟಲೆ ಅಡಗಿತ್ತು. ಸಿಂದಗಿಯ ಈ ಕಾಲೇಜಿನಲ್ಲಿ ಒಂದು ಕಪ್ ಚಹಾ ಮುಗಿಯುವತನಕವೂ ಇಲ್ಲ.

“ಮನಿಯವ್ರು ಯಾರೂ ಬರ್ಲಿಲ್ರಿ?”

“ನೋಡ್ಬೇಕ್ರಿ.”

ನೋಡಬೇಕಾಗಿರಲಿಲ್ಲ. ಸಭಾಂಗಣದ ಬಾಗಿಲಲ್ಲಿ ಅವನ ತಾಯಿ ರೇಣವ್ವ ನಿಂತಿದ್ದಳು. ಕೊರಳಲ್ಲಿ ನೀಲಿ ದಾರ, ಅದರಲ್ಲಿ ಬುದ್ಧನ ಪದಕ. ಅವಳು ಯಾವುದನ್ನೂ ಅಡಗಿಸುವವಳಲ್ಲ. ಅವನು ಬರಬೇಡ ಎಂದಿರಲಿಲ್ಲ. ಬಾ ಎಂದೂ ಅಂದಿರಲಿಲ್ಲ.

ಬಸಂತರಾಯರೂ ನೋಡಿದರು. “ಏ ಆಯಿ, ಸುಮ್ನ ನಿಂತ್ರ ಹೆಂಗ? ಆ ಖುರ್ಚಿ ಮುಂದ ಹಾಕು. ಹುಡುಗ್ರು ಬರಾಕತ್ತಾರ.”

ರೇಣವ್ವ ಮಗನ ಮುಖ ನೋಡಿದಳು. ಅವನು ಪ್ರೊಜೆಕ್ಟರಿನ ವೈರು ನೋಡಿದ. ಅವಳು ಸೆರಗು ಸಿಕ್ಕಿಸಿ ಖುರ್ಚಿ ಎತ್ತಿದಳು, ಮಗನ ಮದುವೆಗೆ ಪಂಕ್ತಿ ಹಾಕುವವಳ ಉಮೇದಿನಲ್ಲಿ.

ಈಗಲೇ ಹೇಳಬೇಕು. ಸಣ್ಣ ಮಾತು: ಅಕಿ ನಮ್ಮವ್ವ. ಬಸಂತರಾಯರು ಕೆಟ್ಟವರಲ್ಲ, ನಾಚಿಯಾರು, ಕೈ ಮುಗಿದಾರು. ಆಮೇಲೆ ಅಡ್ಡಹೆಸರು ಕೇಳಲಾರರು. ಕೇಳುವ ಅಗತ್ಯವೇ ಇರುವುದಿಲ್ಲ.

ಹೇಳಲಿಲ್ಲ.

ದೀಪ ಆರಿತು. ಪರದೆಯ ಮೇಲೆ ಗೆಲಾಕ್ಸಿ ಮೂಡಿದೊಡನೆ ಅವನ ದನಿಗೆ ಜೀವ ಬಂತು. ಬರೀ ಬೆಳಕಿನಲ್ಲಿ ನೋಡಿದರೆ ಇದೊಂದು ಮಸುಕು ಬೊಟ್ಟು. ಧೂಳು ಬೆಳಕನ್ನು ತಡೆಯುತ್ತದೆ. ರೇಡಿಯೊ ಅಲೆಯನ್ನು ತಡೆಯಲಾರದು. ಪುಣೆಯಾಚೆಯ ಬಯಲಲ್ಲಿ ಮೂವತ್ತು ಆಂಟೆನಾಗಳು ಒಂದೇ ಕಿವಿಯಾಗಿ ಆಲಿಸಿದಾಗ ಅದರ ಖರೇ ರೂಪ ಕಂಡಿತು: ನಡುವೆ ಎಲ್ಲವನ್ನೂ ನುಂಗುವ ಕಪ್ಪು ಕುಳಿ. ಅದರ ಬಾಯಿಂದ ತಪ್ಪಿಸಿಕೊಂಡ ದ್ರವ್ಯ ಎರಡು ಬದಿಗೆ ಚಿಮ್ಮಿ, ನಕ್ಷತ್ರಗಳನ್ನೆಲ್ಲ ದಾಟಿ, ಬಹುದೂರ ಹೋಗಿ ಎರಡು ಉರಿಮೋಡಗಳಾಗಿ ನಿಂತಿತ್ತು.

“ಈ ನಕ್ಷತ್ರಗಳ ಊರಿಗಿಂತ ಹೊರಗ ಎಸೆದದ್ದೇ ದೊಡ್ಡದು ನೋಡ್ರಿ,” ಎಂದ. ಎಂದ ಮೇಲೆ ತಾನೇ ಬೆಚ್ಚಿದ.

ಹಿಂದಿನ ಸಾಲಿನಲ್ಲಿ ಒಬ್ಬ ಕೆಣಕಿದ: “ಆಯಿ, ನಿನಗೇನರ ತಿಳೀತೇನ?”

“ದನಿ ತಿಳೀತೈತಿ, ಸಾಕು,” ಎಂದಳು ರೇಣವ್ವ.

ಮುಂದಿದ್ದ ವಿದ್ಯಾರ್ಥಿನಿ ದಾನೇಶ್ವರಿ ಎದ್ದಳು. “ಸರ, ಇದರ ನಡುಮಧ್ಯ ಎಲ್ಲೈತ್ರಿ?”

ಅವನು ಲೇಸರಿನ ಕೆಂಪು ಚುಕ್ಕಿ ಇಟ್ಟು ತೋರಿಸಿದ.

ಕಣ್ಣು ಮಂದವಾಗಿದ್ದ ರೇಣವ್ವನಿಗೆ ಹಿಂದಿನಿಂದ ಚುಕ್ಕಿ ಕಾಣಲಿಲ್ಲ. ಖುರ್ಚಿಗಳ ನಡುವೆ ನಡೆದು ಬಂದು ಪರದೆಯ ಮುಂದೆ ನಿಂತಳು. ಮಗ ತೋರಿಸಿದ ಜಾಗದ ಮೇಲೆ ಅಂಗೈ ಇಟ್ಟಳು.

“ಯಾರದು? ಆಯಿ, ಬಾಜೂಕ ಸರಿ!” ಬಸಂತರಾಯರು ಕೂಗಿದರು. ಹುಡುಗರು ನಕ್ಕರು. “ಸರ, ನೀವರ ಹೇಳ್ರಿ ಅಕಿಗೆ!”

ಪ್ರೇಮಕುಮಾರ ಬಾಯಿ ತೆರೆದ. ಮೈಕಿನಲ್ಲಿ ಉಸಿರಷ್ಟೇ ಕೇಳಿತು.

ಗೆಲಾಕ್ಸಿಯ ನಡುವೆ ಒಂದು ಹೆಂಗಸಿನ ಆಕಾರದ ಕತ್ತಲೆ. ಅದರ ಎರಡೂ ಬದಿಗೆ ಬೆಂಕಿ ಚಿಮ್ಮುತ್ತಿತ್ತು. ಬೆನ್ನ ಮೇಲೆ ಕೆಂಪು ಚುಕ್ಕಿಯೊಂದು ಗುರಿ ಹಿಡಿದು ನಡುಗುತ್ತಿತ್ತು.