ಗುರುವಾರದ ಕೊನೆಯ ಪೀರಿಯಡ್

ನಮ್ಮ ಶಾಲೆಯಲ್ಲಿ ಒಂದು ನಿಯಮವಿದೆ. ಮುಂದಿನ ಪೀರಿಯಡ್ಡಿನ ಟೀಚರ್ ಬಾಗಿಲಲ್ಲಿ ನಿಂತು "ನಾನು ಬಂದೆ" ಎನ್ನುವವರೆಗೆ ಒಳಗಿದ್ದವರು ತರಗತಿ ಬಿಟ್ಟು ಹೊರಡುವ ಹಾಗಿಲ್ಲ. ಬಹಳ ಹಿಂದೆ, ಟೀಚರ್ ಇಲ್ಲದ ಐದೇ ನಿಮಿಷದಲ್ಲಿ ಒಬ್ಬ ಹುಡುಗಿ ಮಹಡಿಯ ಕಿಟಕಿಯಿಂದ ಬಿದ್ದಳಂತೆ. ಆಗ ಸಿಸ್ಟರುಗಳು ಮಾಡಿದ ನಿಯಮ ಇದು. ಹೊಸದಾಗಿ ಸೇರಿದವರು ಮೊದಲ ವಾರ ನಗುತ್ತಾರೆ, ಎರಡನೇ ವಾರ ತಾವೂ ಹೇಳತೊಡಗುತ್ತಾರೆ. ನಾನು ಮೂವತ್ತೊಂದು ವರ್ಷ ಹೇಳಿದ್ದೇನೆ.

ಗಣಿತ ಕಲಿಸುವುದರ ಜೊತೆಗೆ ಶಾಲೆಯ ವೇಳಾಪಟ್ಟಿಯ ತಲೆನೋವೂ ನನ್ನದೇ. ಸ್ಟಾಫ್ ರೂಮಿನ ಗೋಡೆಯ ಮೇಲೆ ಒಂದು ದೊಡ್ಡ ಮರದ ಹಲಗೆ. ಅದರ ತುಂಬ ಸಣ್ಣ ಮೊಳೆಗಳು, ಒಂದೊಂದು ಮೊಳೆಗೂ ಒಂದೊಂದು ರಟ್ಟಿನ ಬಿಲ್ಲೆ. ನನ್ನ ಬಿಲ್ಲೆಗಳು ಹಸಿರು, ಡ್ರಿಲ್ ಮಾಸ್ತರದು ಕೆಂಪು, ನನ್ನ ತಂಗಿಯದು ಹಳದಿ. ಬಿಳಿ ಬಿಲ್ಲೆ ಒಂದೇ ಇತ್ತು. ಅದು ಗಡಿಯಾರ ಸಿಸ್ಟರದು.

ಎಂಬತ್ತು ದಾಟಿದ ಸಿಸ್ಟರ್ ಅವರು. ಒಂದು ದಿನವೂ ತಡವಾಗಿ ಬಂದವರಲ್ಲ, ಅದಕ್ಕೇ ಆ ಹೆಸರು. ನಾನು ಆರನೇ ತರಗತಿಯಲ್ಲಿದ್ದಾಗ ನನಗೂ ಪಾಠ ಹೇಳಿದ್ದರು. ಮಕ್ಕಳನ್ನು ಹಾಜರಿಯ ನಂಬರಿನಿಂದಲೇ ಕರೆಯುತ್ತಿದ್ದರು, ನಾನು ಇಪ್ಪತ್ತೇಳು. ಟೀಚರಾಗಿ ಇದೇ ಶಾಲೆಗೆ ಸೇರಿದ ಮೇಲೂ ವರಾಂಡದಲ್ಲಿ ಎದುರಾದರೆ "ಏನು ಇಪ್ಪತ್ತೇಳು, ಚೆನ್ನಾಗಿದ್ದೀಯಾ?" ಎನ್ನುತ್ತಿದ್ದರು. ಶಾಲೆ ಬಿಡುವಾಗ ಬಾಗಿಲಲ್ಲಿ ನಿಂತು, ಹೋಗುವ ಪ್ರತಿ ಮಗುವಿನ ನೆತ್ತಿಯನ್ನೂ ಒಂದು ಬೆರಳಿನಿಂದ ಮೆಲ್ಲಗೆ ತಟ್ಟುವುದು ಅವರ ಅಭ್ಯಾಸ. ವಯಸ್ಸಾದಂತೆ ಒಂದೊಂದೇ ಕೆಲಸ ಕಳಚಿ, ಕೊನೆಗೆ ಉಳಿದಿದ್ದು ಆರನೇ ತರಗತಿಯ ನೀತಿಪಾಠ, ಗುರುವಾರದ ಕೊನೆಯ ಪೀರಿಯಡ್. ಮೂರು ತಿಂಗಳ ಹಿಂದೆ ಅವರು ತೀರಿಕೊಂಡರು. ಚಾಪೆಲ್ಲಿನ ಹಿಂದೆ ಮಣ್ಣು ಮಾಡಿದೆವು.

ವರ್ಷದ ಕೊನೆಯ ವಾರ, ಸೋಮವಾರ, ಹೆಡ್‌ಮಿಸ್ಟ್ರೆಸ್ ಸಿಸ್ಟರ್ ನನ್ನನ್ನು ಕರೆದರು. ಮುಂದಿನ ವರ್ಷದ ಸಿಬ್ಬಂದಿ ಪಟ್ಟಿ ಶುಕ್ರವಾರ ಹೋಗಬೇಕಿತ್ತು. ಮೇಜಿನ ಮೇಲೆ ಕೃತಜ್ಞತೆಯ ಪೂಜೆಗೆ ಹಾಡುವವರ ಪಟ್ಟಿ, ಬೀಳ್ಕೊಡುಗೆಯ ಚಹಾಕ್ಕೆ ಕಪ್ಪುಗಳ ಲೆಕ್ಕ, ನನ್ನ ನಿವೃತ್ತಿಯ ಕಾಗದ, ಎಲ್ಲ ಒಂದರ ಮೇಲೊಂದು ಬಿದ್ದಿದ್ದವು.

"ನಿಮ್ಮ ಗಣಿತಕ್ಕೆ ಬೇರೆ ಶಾಲೆಯಿಂದ ಒಬ್ರು ಬರ್ತಾರೆ, ಅದು ಬಿಡಿ. ಕಷ್ಟ ನಿಮ್ಮ ತಂಗೀದು. ಹೊಲಿಗೆ, ನೀತಿಪಾಠ ಎರಡೂ ಸೇರಿದ್ರೆ ಇಪ್ಪತ್ಮೂರು ಪೀರಿಯಡ್. ಇಪ್ಪತ್ನಾಲ್ಕು ಇಲ್ದೆ ಹುದ್ದೆ ಉಳಿಯಲ್ಲ, ಟೀಚರ್."

"ಒಂದೇ ಒಂದು ಪೀರಿಯಡ್ ಅಲ್ವಾ ಸಿಸ್ಟರ್?"

"ಒಂದೇ. ಆದ್ರೆ ಆ ಒಂದನ್ನ ಎಲ್ಲಿಂದ ತರ್ಲಿ?"

ತಂಗಿ ಗಂಡನನ್ನು ಕಳೆದುಕೊಂಡು ನನ್ನ ಮನೆಗೆ ಬಂದಾಗ ಒಂದು ವರ್ಷ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅನ್ನ ಬೇಕು ಬೇಡ ಎಂಬ ಎರಡು ಮಾತು ಬಿಟ್ಟರೆ ಬಾಯಿಗೆ ಬೀಗ. ಈ ಹೊಲಿಗೆ ಕ್ಲಾಸು ಸಿಕ್ಕ ಮೇಲೆಯೇ ಅವಳು ತಲೆ ಬಾಚಿಕೊಂಡದ್ದು, ನಕ್ಕದ್ದು, ನನ್ನ ಸಾರಿಗೆ ಉಪ್ಪು ಜಾಸ್ತಿ ಎಂದು ಜಗಳ ತೆಗೆದದ್ದು. ಕೆಲಸ ಹೋದರೆ ಮತ್ತೆ ಅದೇ ಗೋಡೆ. ಎರಡನೇ ಸಲ ಅವಳನ್ನು ಎಬ್ಬಿಸುವ ಶಕ್ತಿ ನನ್ನಲ್ಲಿ ಇರಲಿಲ್ಲ.

ಆಗ ಬಿಳಿ ಬಿಲ್ಲೆ ನೆನಪಾಯಿತು. "ಗಡಿಯಾರ ಸಿಸ್ಟರ್ ಪೀರಿಯಡ್ ಖಾಲಿ ಇದೆ. ಬಿಲ್ಲೆ ತೆಗೆಯೋದು ಮರೆತಿದ್ದೆ" ಎಂದೆ.

ಮರೆತಿರಲಿಲ್ಲ. ಮೂರು ತಿಂಗಳಿಂದ ದಿನಾ ಬೆಳಗ್ಗೆ ಅದನ್ನು ನೋಡುತ್ತಿದ್ದೆ. ಇದ್ದ ಒಂದೇ ಬಿಲ್ಲೆ, ಅದನ್ನೂ ತೆಗೆದರೆ ಅವರು ಪೂರ್ತಿ ಹೋದಂತೆ ಅನ್ನಿಸಿ ಕೈ ಬರುತ್ತಿರಲಿಲ್ಲ. ಡ್ರಿಲ್ ಮಾಸ್ತರು ಹೇಗೂ ಹಿಂದಿನ ಪೀರಿಯಡ್ಡಿನಲ್ಲಿ ಇರುತ್ತಾರೆ, ಅವರೇ ಮುಂದುವರಿಸುತ್ತಿರಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಹುಬ್ಬು ಗಂಟಿಕ್ಕಿದರು. ಕಪಾಟಿನಿಂದ ಆರನೇ ತರಗತಿಯ ಪಾಠದ ದಾಖಲೆ ಪುಸ್ತಕ ತೆಗೆದು ನನ್ನ ಮುಂದಿಟ್ಟರು. "ಖಾಲಿ ಎಲ್ಲಿದೆ? ಪ್ರತಿ ಗುರುವಾರ ಬರೆದಿದ್ದಾರಲ್ಲ. ಯಾರು ತಗೊಳ್ತಿದ್ದಾರೋ ಕೇಳಿ. ಅವರು ಬಿಟ್ಕೊಟ್ರೆ ನಿಮ್ಮ ತಂಗಿಗೆ."

ಹನ್ನೆರಡು ಗುರುವಾರ, ಹನ್ನೆರಡು ಸಾಲು. ಪಾಠದ ಹೆಸರು, ಎದುರಿಗೆ "ಮುಗಿದಿದೆ". ನೀಲಿ ಶಾಯಿ, ಬಲಕ್ಕೆ ವಾಲಿದ ಅಕ್ಷರ. ಗಡಿಯಾರ ಸಿಸ್ಟರ ಆ ಅಕ್ಷರವನ್ನು ನಾನು ಹನ್ನೊಂದನೇ ವಯಸ್ಸಿನಲ್ಲಿ ಕಾಪಿ ಬರೆದು ಕಲಿತವಳು. ಹೆಡ್‌ಮಿಸ್ಟ್ರೆಸ್ ಹೊಸಬರು, ಅವರಿಗೆ ಗೊತ್ತಾಗುವಂತಿರಲಿಲ್ಲ.

ಡ್ರಿಲ್ ಮಾಸ್ತರು ಆಟದ ಸಾಮಾನಿನ ಕೋಣೆಯಲ್ಲಿ ಚೆಂಡು ಎಣಿಸುತ್ತಿದ್ದರು. ಆರಡಿ ಆಳು, ಸೀಟಿ ಊದಿದರೆ ಬೀದಿಯ ನಾಯಿಯೂ ನಿಲ್ಲಬೇಕು.

"ಗುರುವಾರ ಆರನೇ ಕ್ಲಾಸನ್ನ ಯಾರಿಗೆ ಬಿಟ್ಟು ಹೋಗ್ತೀರಿ ಮಾಸ್ತರೇ?"

ಅವರು ಚೆಂಡನ್ನು ಕೆಳಗಿಟ್ಟರು. "ಬಾಗಿಲಲ್ಲಿ 'ನಾನು ಬಂದೆ' ಅಂತ ಕೇಳುತ್ತೆ. ನಾನು ಹೊರಡ್ತೀನಿ."

"ಯಾರದು ದನಿ?"

"ನಾನು ತಿರುಗಿ ನೋಡಿಲ್ಲ ಟೀಚರ್. ಮೊದಲ ವಾರ ನೋಡ್ಲಿಲ್ಲ, ಆಮೇಲೆ ನೋಡೋಕೆ ಧೈರ್ಯ ಬರ್ಲಿಲ್ಲ. ಹಿಂದಿನ ಬಾಗಿಲಿಂದ ಹೋಗ್ತೀನಿ." ಮತ್ತೆ ಎಣಿಕೆಗೆ ಬಗ್ಗಿದರು, ಆದರೆ ಎಣಿಕೆ ತಪ್ಪಿಹೋಗಿತ್ತು.

ನಾನು ಸುಮ್ಮನೆ ಬಿಡುವ ಜಾತಿಯವಳಲ್ಲ. ಅಂದೇ ಸಂಜೆ ಬಿಳಿ ಬಿಲ್ಲೆ ತೆಗೆದು ಪೆನ್ಸಿಲ್ ಡಬ್ಬಿಗೆ ಹಾಕಿ, ಆ ಮೊಳೆಗೆ ಹಳದಿ ಬಿಲ್ಲೆ ತೂಗುಹಾಕಿದೆ. ಮಂಗಳವಾರ ಬೆಳಗ್ಗೆ ನೋಡಿದರೆ ಮೊಳೆಯಲ್ಲಿ ಬಿಳಿ ಬಿಲ್ಲೆ; ಹಳದಿ ನನ್ನ ಡಬ್ಬಿಯಲ್ಲಿ. ಯಾರದೋ ತಮಾಷೆ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರ ಮೇಲೂ ಹಾರಾಡಿದೆ. ಎಲ್ಲರೂ ಪಿಳಿಪಿಳಿ ನೋಡಿದರು. ಬುಧವಾರವೂ ಅದೇ ಕಥೆ. ಆಗ ನನಗೆ ಹೊಳೆಯಿತು: ರಟ್ಟು ಬದಲಿಸಿದರೆ ತರಗತಿ ಬಿಡುವವರಲ್ಲ ಗಡಿಯಾರ ಸಿಸ್ಟರ್. ನಮ್ಮ ಶಾಲೆಯಲ್ಲಿ ತರಗತಿ ಕೈ ಬದಲಾಗುವುದು ಬಾಗಿಲಲ್ಲಿ. ಅಲ್ಲಿ ಯಾರೂ ಹೋಗಿ ನಿಂತಿರಲಿಲ್ಲ.

ಬುಧವಾರ ಊಟಕ್ಕೆ ಕೂತಾಗ ತಂಗಿ ಕೇಳಿದಳು. "ಅಕ್ಕಾ, ನನ್ನ ಹೆಸರು ಪಟ್ಟೀಲಿ ಇಲ್ಲ ಅಲ್ವಾ? ಇದ್ದಿದ್ರೆ ಇಷ್ಟೊತ್ತಿಗೆ ನೀನು ನಾಲ್ಕು ಸಲ ಹೇಳ್ತಿದ್ದೆ."

"ನಾಳೆ ಕೊನೇ ಪೀರಿಯಡ್ಡಲ್ಲಿ ಹೊಲಿಗೆ ಕೋಣೆಗೆ ಬೀಗ ಹಾಕಿ ಆರನೇ ಕ್ಲಾಸಿಗೆ ಬಾ. ಬಾಗಿಲಲ್ಲಿ ನಿಂತು ಹೇಳೋದು ಮರೀಬೇಡ."

"ಅದು ಯಾರ ಪೀರಿಯಡ್?"

"ನಿನ್ನದು" ಎಂದೆ. ಅವಳು ತಟ್ಟೆ ತೊಳೆಯಲು ಎದ್ದಳು.

ಗುರುವಾರ, ವರ್ಷದ ಕೊನೆಯ ಗುರುವಾರ, ಮೂರು ಗಂಟೆ ಹತ್ತು ನಿಮಿಷಕ್ಕೆ ನಾನು ವರಾಂಡದಲ್ಲಿದ್ದೆ. ಉಳಿದ ತರಗತಿಗಳೆಲ್ಲ ರಜೆಯ ಗುಂಗಿನಲ್ಲಿ ಸೂರು ಕಿತ್ತುಹೋಗುವಂತೆ ಕೂಗುತ್ತಿದ್ದವು. ಆರನೆಯದರಿಂದ ಒಂದು ಪಿಸುಮಾತೂ ಇಲ್ಲ. ಇಣುಕಿದೆ. ನಲವತ್ತೊಂದು ಮಕ್ಕಳು ಕೈ ಕಟ್ಟಿ ಕೂತಿದ್ದರು. ಕುರ್ಚಿ ಮೇಜಿನಿಂದ ಹಿಂದಕ್ಕೆ ಸರಿದಿತ್ತು, ಖಾಲಿ. ಮೂರನೇ ಸಾಲಿನ ಹುಡುಗಿ ಎದ್ದಳು, ಕರೆದಂತೆ. "ಸುಳ್ಳು ಹೇಳಬಾರದು, ಯಾಕಂದ್ರೆ ನಂಬಿದವರಿಗೆ ನೋವಾಗುತ್ತೆ" ಎಂದಳು. ಕುರ್ಚಿಯತ್ತ ಸ್ವಲ್ಪ ಕಿವಿಗೊಟ್ಟು, ತಲೆಯಾಡಿಸಿ, ಕೂತಳು. ಮಕ್ಕಳೆಲ್ಲ ಒಟ್ಟಿಗೆ ಪುಟ ತಿರುವಿದರು.

ನನಗೆ ಓಡಿಹೋಗಬೇಕು ಅನ್ನಿಸಿತು, ನಿಜ ಹೇಳುತ್ತೇನೆ. ಆದರೆ ಕಣ್ಣ ಮುಂದೆ ಆ ಒಳಕೋಣೆಯ ಗೋಡೆ ಬಂತು. ಹೊಸಿಲ ಮೇಲೆ ನಿಂತೆ.

"ಸಿಸ್ಟರ್, ನಾನು ಬಂದೆ."

ಏನೂ ಆಗಲಿಲ್ಲ.

"ತಪ್ಪು ನನ್ನದು ಸಿಸ್ಟರ್. ನಿಮ್ಮನ್ನ ಬಿಡೋಕೆ ಮನಸ್ಸಾಗ್ಲಿಲ್ಲ, ಅದಕ್ಕೆ ಬಿಲ್ಲೆ ತೆಗೀಲಿಲ್ಲ. ನೀವು ಸುಮ್ಮನೆ ಬರೋ ಹಾಗಾಯ್ತು. ಈಗ ನಿಮ್ಮ ಪೀರಿಯಡ್ ನನ್ನ ತಂಗಿಗೆ ಬೇಕು. ನೀವಿನ್ನು ಹೊರಡಿ. ನಾನು ಬಂದೆ."

ಕುರ್ಚಿ ಮೆಲ್ಲಗೆ ಮೇಜಿನ ಕೆಳಕ್ಕೆ ಸರಿಯಿತು. ನಲವತ್ತೊಂದು ಮಕ್ಕಳೂ ಎದ್ದು ನಿಂತರು. ಅವರ ಕಣ್ಣುಗಳು ಮೊದಲು ಮೇಜಿನತ್ತ ಇದ್ದವು, ಆಮೇಲೆ ಕಪ್ಪುಹಲಗೆಯತ್ತ, ಆಮೇಲೆ ಮೊದಲ ಬೆಂಚಿನತ್ತ. ಮುದುಕಿಯ ನಡಿಗೆಯ ವೇಗದಲ್ಲಿ ಆ ನೋಟ ಬಾಗಿಲಿಗೆ, ನನ್ನ ಹತ್ತಿರಕ್ಕೆ ಬರುತ್ತಿತ್ತು. ಜಪಸರದ ಮಣಿಗಳ ಸಣ್ಣ ಸದ್ದು. ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ. ನಾನು ಬಾಗಿಲಿಗೆ ಅಂಟಿಕೊಂಡು ದಾರಿ ಬಿಟ್ಟೆ. ನನ್ನ ನರೆತ ನೆತ್ತಿಯ ಮೇಲೆ ಒಂದು ಬೆರಳು ಮೆಲ್ಲಗೆ, ಒಂದೇ ಸಲ, ತಟ್ಟಿತು.

ನಾನು ಅತ್ತೆ. ಮಕ್ಕಳ ಮುಂದೆ ಅತ್ತದ್ದು ಅದೇ ಮೊದಲು.

ಒಳಗೆ ಹೋಗಿ ನೋಡಿದರೆ ದಾಖಲೆ ಪುಸ್ತಕ ಮೇಜಿನ ಮೇಲೆ ತೆರೆದೇ ಇತ್ತು. ಇಂದಿನ ತಾರೀಖು, ಶಾಯಿ ಇನ್ನೂ ಒಣಗಿರಲಿಲ್ಲ. "ಪಾಠ ಮುಗಿದಿಲ್ಲ. ಇಪ್ಪತ್ತೇಳಕ್ಕೆ ಒಪ್ಪಿಸಿದ್ದೇನೆ."

ಸೀಮೆಸುಣ್ಣ ಕೈಗೆತ್ತಿಕೊಂಡೆ. ಮಕ್ಕಳು ಕೂತರು. ಇನ್ನು ಇಪ್ಪತ್ತು ನಿಮಿಷವಿತ್ತು. ನಾಳೆ ಬರೀ ಪೂಜೆ, ಚಹಾ; ನನ್ನ ಮೂವತ್ತೊಂದು ವರ್ಷದಲ್ಲಿ ಉಳಿದದ್ದು ಅಷ್ಟೇ. ಯಾವತ್ತೂ ನೀತಿಪಾಠ ಮಾಡದ ನಾನು ಓದಿಸಿದೆ, ಕೇಳಿದೆ, ಎರಡು ಸಲ ನಗಿಸಿದೆ. ಕಿಟಕಿಯ ಬಿಸಿಲು ಕೊನೆಯ ಬೆಂಚಿನವರೆಗೂ ಚಾಚಿತ್ತು. ಈ ಬೆಂಚು, ಈ ಮುಖಗಳು, ನಾಳೆಯಿಂದ ನನ್ನವಲ್ಲ ಎಂಬುದು ಆಗಷ್ಟೇ ತಲೆಗೆ ಹೋಯಿತು. ಸಿಸ್ಟರ್ ಸತ್ತ ಮೇಲೂ ಯಾಕೆ ಬರುತ್ತಿದ್ದರು ಎಂದು ಯಾರೂ ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ನಾನು ಬಂದೆ ಅಕ್ಕಾ."

ತಂಗಿ ಹೊಸಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹೊಲಿಗೆ ಕೋಣೆಯ ಬೀಗದ ಕೈ, ಸೆರಗಿನಲ್ಲಿ ಸಿಕ್ಕಿಸಿದ ಸೂಜಿ. ನನಗೆ ಕೇಳಿಸಿತ್ತು. ಕೇಳಿಸದವಳಂತೆ ಹಲಗೆಯ ಕಡೆ ತಿರುಗಿ ಇನ್ನೊಂದು ಸಾಲು ಬರೆಯತೊಡಗಿದೆ. ಕಾಲು ನೆಲಕ್ಕೆ ಬೇರು ಬಿಟ್ಟಂತಿತ್ತು. ಬೆನ್ನ ಹಿಂದೆ ಮಕ್ಕಳು ಸದ್ದಿಲ್ಲದೆ ನೋಡುತ್ತಿದ್ದರು, ಗಡಿಯಾರ ಸಿಸ್ಟರನ್ನು ನೋಡಿದ ಹಾಗೇ.

"ಅಕ್ಕಾ" ಎಂದಳು ಮತ್ತೆ. "ನಾನು ಬಂದೆ."

ನಾನು ಸಾಲನ್ನು ಅರ್ಧಕ್ಕೆ ಬಿಟ್ಟು ಸೀಮೆಸುಣ್ಣವನ್ನು ಅವಳ ಕೈಗಿಟ್ಟೆ.