ಬೀಗ್ತಿ ಮನೆ ಬಾಡು

"ಅಜ್ಜಿ, ಇನ್ನೊಂದ್ಸಲ ಹೇಳು. ವೆರಿ ಗುಡ್."

"ವೆರಿ ಗುಡ್," ಅಂದೆ.

"ಮುಖ ಹಂಗ್ ಮಾಡ್ಬೇಡ. ನಗ್ತಾ ಹೇಳು."

ಚಿಕಾಗೋ ಪಕ್ಕದ ಬೋಲಿಂಗ್‌ಬ್ರೂಕ್‌ನಲ್ಲಿ ಮಗಳ ಮನೆ ಬಿಟ್ಟಾಗಿಂದ ಇದೇ ಪಾಠ. ಕಾರು ಮಿಷಿಗನ್ ಸೇರೋ ಹೊತ್ತಿಗೆ ಸಾವಿರ ಸಲ ವೆರಿ ಗುಡ್ ಅಂದಿದ್ದೆ. ಮೊಮ್ಮಗಳು ಧೃತಿ ನನ್ನ ಪಕ್ಕದಲ್ಲಿ ಕೂತ್ಕಂಡು ಉಗುರು ಕಚ್ತಿದ್ಲು. ಅವಳ ಹತ್ತು ಬೆರಳೂ ಮುಗುದ್ರೆ ನನ್ನ ಉಗುರಿಗೇ ಬಾಯಿ ಹಾಕ್ತಾಳೇನೋ ಅನ್ನಿಸ್ತು. ಮುಂದಗಡೆ ನನ್ನ ಮಗಳು ಆಶಾರಾಣಿ, ಡ್ರೈವ್ ಮಾಡ್ತಿದ್ದ ಅಳಿಯ ಚಂದ್ರಶೇಖರ.

ಹೊರಟಿದ್ದು ಡೆಟ್ರಾಯ್ಟ್‌ಗೆ, ಧೃತಿ ಮೆಚ್ಚಿರೋ ಹುಡುಗನ ಮನೆಯೋರನ್ನ ನೋಡಕ್ಕೆ. ಹುಡುಗನ ಹೆಸ್ರು ಟೆರೆನ್ಸ್. ಕಪ್ಪು ಜನದ ಹುಡುಗ, ಎಷ್ಟು ಎತ್ತರ ಅಂದ್ರೆ ಮೋಡ ಬಂದ್ರೆ ಮೊದ್ಲು ಅವನ ತಲೆ ನೆನೀಬೇಕು. ತಾಯಿ ಇಲ್ಲ. ಸಾಕಿದ್ದು ಅಜ್ಜಿ, ಬರ್ನಿಸ್ ಅಂತ. ಆಯಮ್ಮ ಚಿಕ್ಕೋಳಿದ್ದಾಗ ಅಲಬಾಮದಿಂದ ಬಂದವ್ಳಂತೆ. ಆ ಕಡೆ ಮಾಡೋ ಹಂಗೆ ಸೌದೆ ಹೊಗೇಲಿ ಮಾಂಸ ಬೇಯ್ಸಿ ಹೋಟ್ಲು ನಡೆಸ್ತಾಳೆ. ಮದ್ವೆಗೆ ಇನ್ನೂ ಹೂಂ ಅಂದಿಲ್ಲ. "ಆ ಜನ ನನ್ನ ಮೇಜಿಗೆ ಬಂದು ಉಣ್ಣಲಿ, ಆಮೇಲೆ ಹೇಳ್ತೀನಿ" ಅಂದವ್ಳೆ. ಅಜ್ಜಿ ಬೇಡ ಅಂದ್ರೆ ಹುಡುಗ ಮುಂದಕ್ಕೆ ಹೆಜ್ಜೆ ಇಡಲ್ಲ.

ನಾನು ಅಲ್ಲೋಗಿ ಮೂಗು ಮುರಿತೀನಿ ಅಂತ ಅಳಿಯನ ಭಯ. ಅಭ್ಯಾಸ ಆಗ್ಲಿ ಅಂತ ದಾರೀಲೆ ಎರಡು ಕಡೆ ಅದೇ ಥರದ ಊಟ ತಿನ್ನಿಸ್ದ. ಮೊದಲನೇದು ಚಿಕಾಗೋ ದಕ್ಷಿಣದಲ್ಲಿ. ಮೀನಿನ ತೊಟ್ಟಿ ಥರ ಗಾಜಿನ ಗೂಡು, ಅದ್ರೊಳಗೆ ಹಂದಿ ಪಕ್ಕೆಲುಬು ಹೊಗೇಲಿ ಈಜ್ತಿದ್ವು. ಕೊಡೋವಾಗ ಕೆಳಗೆ ಫ್ರೈಸು, ಮೇಲೆ ಒಂದು ಕೆರೆ ಸಾಸು. ಕಾರಲ್ಲೇ ಕೂತು ತಿಂದೊ. ಖಾರ ಪರವಾಗಿಲ್ಲ. ಸೀರೆ ಮಾತ್ರ ಇನ್ನು ಒಗೆದ್ರೂ ಅಷ್ಟೇ ಬಿಟ್ರೂ ಅಷ್ಟೇ.

ಎರಡನೇದು ಕಲಮಜೂ ಅನ್ನೋ ಊರ ಹತ್ರ, ಹೈವೇ ಎಕ್ಸಿಟ್‌ನಲ್ಲಿ. ತಟ್ಟೆ ಬದ್ಲು ತಗಡಿನ ಟ್ರೇ, ಗೋಡೆ ತುಂಬ ದನದ ಕೊಂಬು. ದನದ್ದು ನಾವು ತಿನ್ನಲ್ಲ, ಕೋಳಿ ತಗೊಂಡೊ. ಆ ಕೋಳಿ ತೀರ್ಕಂಡು ಮೂರು ತಲೆಮಾರಾಗಿತ್ತು.

"ಹೆಂಗಿದೆ ಅತ್ತೆ?" ಅಂದ ಚಂದ್ರಶೇಖರ.

"ಕಾರಿನ ಚಕ್ರಕ್ಕೆ ಹಾಕ್ಕೊಳಪ್ಪ. ಮೈಸೂರುಗಂಟ ಸವೆಯಲ್ಲ."

ಯಾರೂ ನಗ್ಲಿಲ್ಲ. ಆಶಾ ಹಿಂದಕ್ಕೆ ತಿರುಗಿ, "ಅವ್ವ, ಅಲ್ಲಿ ಹಿಂಗೆಲ್ಲ ಅನ್ಬೇಡ. ನಿನ್ನ ಕಾಲಿಗೆ ಬೀಳ್ತೀನಿ," ಅಂದ್ಲು.

"ಅನ್ನಲ್ಲ ಕಣೆ. ಬಾಯಿ ಹೊಲ್ಕಂಡಿದೀನಿ."

ಬರ್ನಿಸ್ ಹೋಟ್ಲು ಇಟ್ಟಿಗೆ ಗೋಡೇದು, ಚಿಕ್ಕದು. ಹಿಂದೆ ಸೌದೆ ಆಳೆತ್ತರ ಪೇರ್ಸಿದ್ರು. ಕಾರಿಂದ ಇಳಿಯಕ್ಕೆ ಮುಂಚೆನೇ ಹೊಗೆ ಬಂದು ನನ್ನ ಕೈ ಹಿಡ್ಕಂಡು ಒಳಗೆ ಕರ್ಕಂಡೋಯ್ತು. ಆಯಮ್ಮ ನನ್ನ ವಯಸ್ಸಿನೋಳೇ. ಅಗಲವಾದ ಮೈ, ಏಪ್ರನ್ನು, ನನ್ನಂಗೇ ಮಂಡಿ ನೋವು. ಟೆರೆನ್ಸ್‌ನೂ ನಮ್ಮ ಜೊತೆ ಕೂರ್ಸಿ, ಎಲ್ರಿಗೂ ಬಡಿಸಿ, ಎದುರಿಗೆ ಕುರ್ಚಿ ಎಳ್ಕಂಡು ಕೂತು, ತಾನು ಒಂದು ತುತ್ತೂ ಮುಟ್ದೆ ನಮ್ಮನ್ನೇ ನೋಡ್ತಿದ್ಲು.

ಪಕ್ಕೆಲುಬು, ಬೇಯ್ಸಿದ ಸೊಪ್ಪು, ಜೋಳದ ಹಿಟ್ಟಿನ ಬ್ರೆಡ್ಡು. ಒಂದು ತುಂಡು ಬಾಯಿಗಿಟ್ಟೆ. ಮೊದ್ಲು ಹೊಗೆ, ಆಮೇಲೆ ಒಂಚೂರು ಹುಳಿ, ನಿಧಾನಕ್ಕೆ ಖಾರ. ಸತ್ತು ಸ್ವರ್ಗಕ್ಕೋದ್ರೂ ಅಲ್ಲಿ ಊಟಕ್ಕೆ ಕೂರದೆ ಇಲ್ಲಿಗೇ ಓಡ್ಬರ್ತಿದ್ದೆ, ಹಂಗಿತ್ತು. ತಲೆ ತಗ್ಸಿ ತಿಂದೆ.

ಬರ್ನಿಸ್ ಏನೋ ಕೇಳಿದ್ಲು. ಧೃತಿ ಮೇಜಿನ ಕೆಳಗೆ ನನ್ನ ತೊಡೆ ಅದುಮಿ, "ಟೆರೆನ್ಸ್ ಹೇಳ್ದ, ದಾರೀಲಿ ಎರಡು ಕಡೆ ತಿಂದು ಬಂದಿರಂತೆ, ಮೂರರಲ್ಲಿ ನಂದು ಎಷ್ಟನೇದು ಅಂತ ಕೇಳ್ತಿದಾರೆ. ಅಜ್ಜಿ, ಪ್ಲೀಸ್," ಅಂದ್ಲು.

ವೆರಿ ಗುಡ್ ನಾಲಗೆ ತುದೀಲೇ ಇತ್ತು. ಆದ್ರೆ ಎದುರಿಗೆ ಕೂತಿರೋಳು ಬೀಗ್ತಿ ಆಗೋಳು. ನಮ್ಮ ಮದ್ದೂರಿನ ಕಡೆ ಬೀಗರೂಟದಲ್ಲಿ ಬಾಡು ಚೆನ್ನಾಗದೆ ಅಂತ ಯಾವ ಬೀಗನೂ ಬಾಯಿಬಿಡಲ್ಲ. ನನ್ನ ಮದ್ವೇಲಿ ನಮ್ಮ ಮಾವ, "ಕುರಿ ಕಡುದ್ರಾ, ಕುರಿ ಕಾಯೋನ್ನೇ ಕಡುದ್ರಾ?" ಅಂದಿದ್ರು. ನಮ್ಮಪ್ಪ ನಗ್ತಾ ಅವರ ಎಲೆಗೆ ಇನ್ನೊಂದು ಸೌಟು ಸುರ್ದ. ಚೆನ್ನಾಗಿತ್ತು ಅಂತ ಹೇಳಿ ಕೈ ತೊಳ್ಕಂಡು ಹೋಗೋರು ಹೊರಗಿನೋರು.

ಮೂರು ಬೆರಳು ಎತ್ತಿದೆ. "ನಂಬರ್ ತ್ರೀ," ಅಂದೆ.

ಧೃತಿ ಕೈ ನನ್ನ ತೊಡೆ ಮೇಲಿಂದ ಜಾರ್ತು. ಬರ್ನಿಸ್ ಮುಖದಲ್ಲಿ ಒಂದು ಗೆರೆನೂ ಅಲ್ಲಾಡ್ಲಿಲ್ಲ. ಎದ್ಲು, ಅಡಿಗೆಮನೆಗೆ ಹೋದ್ಲು. ಬಾಗ್ಲು ಹಿಂದಕ್ಕೂ ಮುಂದಕ್ಕೂ ಆಡಿ ನಿಂತ್ಕಂಡ್ತು.

ಟೆರೆನ್ಸ್ ಬಾಗ್ಲನ್ನೇ ನೋಡ್ತಾ ಮೆಲ್ಲಗೆ ಏನೋ ಅಂದ.

"ಏನಂತೆ?"

"ಅವ್ರ ಊಟಕ್ಕೆ ಇಲ್ಲೀತನಕ ಯಾರೂ ಹಂಗೆ ಅಂದಿಲ್ವಂತೆ," ಅಂದ್ಲು ಧೃತಿ. "ಅಜ್ಜಿ, ಯು ಪ್ರಾಮಿಸ್ಡ್."

"ಬೀಗ್ತಿ ಅಂತ ಅಂದೆ ಕಣವ್ವ. ಬೇರೆಯೋರಾಗಿದ್ರೆ ವೆರಿ ಗುಡ್ ಅಂತಿರ್ಲಿಲ್ವಾ?"

"ಅದು ಅವ್ರಿಗೆ ಹೆಂಗೆ ಗೊತ್ತಾಗುತ್ತೆ?"

ಆಶಾ ಕಣ್ಣೊರೆಸ್ಕಳ್ತಿದ್ಲು. ಚಂದ್ರಶೇಖರ ಜೇಬಿಂದ ಕಾರಿನ ಕೀ ತೆಗ್ದು ಮುಷ್ಟೀಲಿ ಹಿಡ್ಕಂಡಿದ್ದ. ಒಳಗಿಂದ ಒಂದು ಪಾತ್ರೆ ಸದ್ದೂ ಇಲ್ಲ. ಎದ್ದೋಗಿ, ಆಯಮ್ಮನ ಕೈ ಹಿಡ್ಕಂಡು ಸಾವಿರ ವೆರಿ ಗುಡ್ಡೂ ಒಂದೇ ಉಸಿರಿಗೆ ಹೇಳಿಬಿಡೋಣ ಅಂತ ಮೇಜು ಹಿಡ್ಕಂಡೆ. ಈ ಮಗೂಗೆ ಒಂದು ಒಳ್ಳೇ ಮನೆ ಸಿಗೋ ಹೊತ್ತಲ್ಲಿ ನನ್ನ ನಾಲಗೆ ಹಿಂಗ್ ಮಾಡ್ತಲ್ಲ.

ಅಷ್ಟರಲ್ಲಿ ಬಾಗ್ಲು ತೆರ್ಕಂಡ್ತು. ಬರ್ನಿಸ್ ಒಂದು ಕೈಲಿ ಇಕ್ಕಳ, ಇನ್ನೊಂದರಲ್ಲಿ ಹೊಗೆ ಆಡ್ತಿರೋ ತಟ್ಟೆ ಹಿಡ್ಕಂಡು ಸೀದಾ ನನ್ನ ಹತ್ರ ಬಂದ್ಲು. ನನ್ನ ತಟ್ಟೆಯಿಂದ ಒಂದು ಮೂಳೆ ಇಕ್ಕಳದಲ್ಲಿ ಎತ್ತಿದ್ಲು. ಹಂಗೂ ಹಿಂಗೂ ತಿರುಗ್ಸಿ, ಎಲ್ರಿಗೂ ಕಾಣೋ ಹಂಗೆ ಬೆಳಕಿಗೆ ಹಿಡಿದ್ಲು. ಅದರ ಮೇಲೆ ಇರುವೆಗೂ ಏನೂ ಉಳ್ಸಿರ್ಲಿಲ್ಲ ನಾನು. ಗಡಸು ದನೀಲಿ ಏನೋ ಕೇಳಿದ್ಲು.

ಧೃತಿ ನನ್ನ ಕಡೆ ತಿರುಗಿದ್ಲು. "ಮೂರನೇ ನಂಬರಿನ ಮೂಳೇನ ನಿಮ್ಮೂರಲ್ಲಿ ಹಿಂಗೇನಾ ಚೀಪೋದು ಅಂತ ಕೇಳ್ತಿದಾರೆ."

ನಾನು ಆಯಮ್ಮನ ಮುಖ ನೋಡ್ದೆ. ಆಯಮ್ಮ ನನ್ನ ಮುಖ ನೋಡಿದ್ಲು. ಬೇಕಾ ಬೇಡ್ವಾ ಅಂತ ಕೇಳ್ದೆ, ಹೊಸ ತುಂಡೊಂದನ್ನ ನನ್ನ ತಟ್ಟೆಗೆ ಹಾಕಿ, ಸೊಂಟದ ಮೇಲೆ ಕೈಯಿಟ್ಟು ನಿಂತ್ಕಂಡ್ಲು. ಅಂಚು ಕರ್ರಗೆ ಸುಟ್ಟಿದ್ದ ತುಂಡು, ಮನೆಯೋರು ತಮಗೆ ಅಂತ ಎತ್ತಿಟ್ಕಳೋ ಥರದ್ದು. ತಿಂದೆ. ನಿಧಾನಕ್ಕೆ, ಮೂಳೆ ಬೆಳ್ಳಗಾಗೋ ತನಕ.

ಸಾಸು ಮೆತ್ತಿದ ಕೈ ಎತ್ತಿ ಮತ್ತೆ ಮೂರು ಬೆರಳು ತೋರ್ಸಿ, ಒಂದನ್ನ ಮಡಚ್ದೆ. "ನಂಬರ್ ಟೂ," ಅಂದೆ.

ಬರ್ನಿಸ್ ಉಳಿದ ಎರಡು ಬೆರಳನ್ನ ನೋಡಿದ್ಲು. ಆಮೇಲೆ ಏಪ್ರನ್ನು ಬಿಗಿ ಮಾಡ್ಕಂಡು, ಮಂಡಿ ಹಿಡ್ಕಂಡು ವಾಪಸ್ ಅಡಿಗೆಮನೆ ಕಡೆ ಹೊಂಟ್ಲು. ಒಳಗೆ ಒಲೆಯ ಕಬ್ಬಿಣದ ಮುಚ್ಚಳ ಎತ್ತಿದ ಸದ್ದಾಯ್ತು. ಬಾಗ್ಲ ಸಂದಿಯಿಂದ ಹೊಗೆ ಈಚೆ ಬಂತು. ಇನ್ನೊಂದು ಬೆರಳು ಮಡಚ್ಸೋ ತುಂಡಿಗೆ ಕಾಯ್ತಾ, ನಾನು ಆ ಎರಡು ಬೆರಳು ಇಳಿಸದೆ ಹಂಗೇ ಕೂತಿದ್ದೆ.