ಮುದುಕಿ ಮಾರಾಟಕ್ಕಿದ್ದಾಳೆ

ಅಲ್ಲ, ನೀವೇ ಹೇಳಿ. ಕುರ್ಚಿಗೆ ಕಾಲಿಲ್ಲವೆ? ಕೈಯಿಲ್ಲವೆ? ಬೆನ್ನಿಲ್ಲದ ಕುರ್ಚಿಯನ್ನು ಯಾರೂ ಕುರ್ಚಿ ಅನ್ನುವುದಿಲ್ಲ, ಸ್ಟೂಲು ಅನ್ನುತ್ತಾರೆ. ಹೂಜಿಗೆ ಬಾಯಿ, ಕುತ್ತಿಗೆ, ಹೊಟ್ಟೆ ಮೂರೂ ಉಂಟು. ಸೂಜಿಗೆ ಕಣ್ಣು, ಗರಗಸಕ್ಕೆ ಹಲ್ಲು, ಪಾತ್ರೆಗೆ ಕಿವಿ. ಮಾತು ಬಂದಾಗಿನಿಂದ ನಾವೆಲ್ಲ ಹೀಗೇ ಮಾತಾಡಿಕೊಂಡು ಬಂದವರು, ಇದರಿಂದ ಯಾರ ಕೂದಲೂ ಕೊಂಕಿಲ್ಲ. ಕುಂದಕ್ಕನ ಅಂಗಡಿಗೆ ಬೀಗ ಬಿದ್ದದ್ದು ಮಾತ್ರ ಇಷ್ಟೇ ಕಾರಣಕ್ಕೆ. ಹೇಳಿದರೆ ನಗುತ್ತೀರಿ. ನಗಿ, ಅವಳೂ ಮೊದಲು ನಕ್ಕಿದ್ದಳು.

ಅಂಗಡಿ ಅಂದರೆ ರಸ್ತೆ ಬದಿಯ ಅಂಗಡಿಯಲ್ಲ, ಫೋನಿನೊಳಗಿನ ಅಂಗಡಿ. ಜನರ ಮನೆಯಲ್ಲಿ ಬೇಡವಾದ ಹಳೇ ಸಾಮಾನು ಕೊಂಡು ತರುವುದು, ಒರೆಸಿ ಉಜ್ಜಿ ಫೋಟೋ ತೆಗೆಯುವುದು, ಒಂದು ದೊಡ್ಡ ಆ್ಯಪ್‌ನಲ್ಲಿ ಹಾಕಿ ಮಾರುವುದು. ಆ ಆ್ಯಪ್‌ನ ಹೆಸರು ಹೇಳಿ ನಾನು ಬಾಯಿ ಹೊಲಸು ಮಾಡಿಕೊಳ್ಳುವುದಿಲ್ಲ. ಮನೆಯ ಹಿಂದಿನ ಕೋಣೆಯೇ ಅವಳ ಗೋದಾಮು. ಒಂದೇ ಕಿಟಕಿ, ಅದರಾಚೆ ಪಕ್ಕದ ಮನೆಯ ಗೋಡೆ. ಫೋಟೋದ ಹಿನ್ನೆಲೆಗೆ ಗೋಡೆಗೆ ಬಿಗಿದ ಬಿಳಿ ದುಪ್ಪಡಿ, ಅದರಲ್ಲೊಂದು ಟೀ ಕಲೆ, ಆ ಕಲೆ ಕಾಣದ ಹಾಗೆ ಸಾಮಾನು ನಿಲ್ಲಿಸುವುದೇ ಒಂದು ಸರ್ಕಸ್ಸು. ಬಾಗಿಲ ಹಿಂದೆ ಗುಳ್ಳೆ ಪ್ಲಾಸ್ಟಿಕ್ಕಿನ ಸುರುಳಿ. ಅಂಟು ಟೇಪಿನ ಚೂರಂತೂ ಮನೆಮಂದಿಯ ಮೊಣಕೈಗೆಲ್ಲ ಮೆತ್ತಿಕೊಂಡು ಬೀದಿಯವರೆಗೂ ಹೋಗಿಬರುತ್ತಿತ್ತು.

ಕುಂದಕ್ಕ ಅನ್ನುವುದು ಅವಳ ಗಿರಾಕಿಗಳೇ ಇಟ್ಟ ಹೆಸರು. ಬೇರೆ ಮಾರಾಟಗಾರರು 'ವಿಂಟೇಜ್', 'ಅಪರೂಪ', 'ಇನ್ನೊಂದು ಸಿಗೋದಿಲ್ಲ' ಅಂತ ಬೂಸಿ ಬಿಡುತ್ತಿದ್ದರೆ ಇವಳು ಮೊದಲ ಫೋಟೋದಲ್ಲೇ ಕುಂದು ತೋರಿಸುತ್ತಿದ್ದಳು. ಟೀ ಕಪ್ಪು-ಬಸಿ ಎಷ್ಟೇ ಚೆಂದ ಇರಲಿ, ಮೊದಲು ಅದರ ಅಂಚಿನ ಚಕ್ಕೆ ಎದ್ದ ಜಾಗ, ಆಮೇಲೆ ಅದರ ಹೂವು ಬಳ್ಳಿ. ಮೊದಮೊದಲು ಅವಳ ಗಂಡ ತಲೆ ಚಚ್ಚಿಕೊಂಡಿದ್ದ. ಹೆಣ್ಣು ನೋಡಲು ಬಂದವರಿಗೆ ಮೊದಲು ಹುಳುಕು ಹಲ್ಲು ತೋರಿಸಿದ ಹಾಗಾಯ್ತು ಅಂದಿದ್ದ. ಆದರೆ ಜನ ಬಂದರು, ಬಂದವರು ಮತ್ತೆ ಬಂದರು. ಕುಂದಕ್ಕ ಬರೆದಿಲ್ಲ ಅಂದರೆ ಆ ಸಾಮಾನಿನಲ್ಲಿ ಕುಂದಿಲ್ಲ, ಬರೆದಿದ್ದಾಳೆ ಅಂದರೆ ಇದೆ. ಅದೇ ಅವಳ ಬಂಡವಾಳ, ಬೇರೆ ಬಂಡವಾಳ ಅವಳ ಹತ್ತಿರ ಇರಲೂ ಇಲ್ಲ.

ವಿವರ ಬರೆಸುವವಳು ಅತ್ತೆ. ಸಾಮಾನನ್ನು ತೊಡೆ ಮೇಲಿಟ್ಟುಕೊಂಡು, ತಿರುಗಿಸಿ, ತಟ್ಟಿ, ಮೂಸಿ ನೋಡಿ ಹೇಳುವಳು. ಸೊಸೆ ಅದನ್ನು ಹಾಗೆಯೇ ಟೈಪು ಮಾಡುವಳು. ಅತ್ತೆಯ ಬಾಯಲ್ಲಿ ಯಾವ ಸಾಮಾನೂ ಬರೀ ಸಾಮಾನಲ್ಲ. ಬೀರು ಬಂದರೆ ದೊಡ್ಡಪ್ಪ, ಹೊಲಿಗೆ ಯಂತ್ರ ಬಂದರೆ ಬಜಾರಿ, ಮುಚ್ಚಳ ಕಚ್ಚಿಕೊಂಡ ಡಬ್ಬಿ ಬಂದರೆ ಜಿಪುಣ. ಗಿರಾಕಿಗಳಿಗೆ ಇದೇ ಒಂದು ಮೋಜು.

ಆ ವಾರ ಬಂದದ್ದು ಒಂದು ತೂಗುಕುರ್ಚಿ. ಅತ್ತೆ ಅದರಲ್ಲಿ ಕೂತು, ಎರಡು ಸಲ ಹಿಂದೆ ಮುಂದೆ ತೂಗಿ, ಬರೆಸಿದಳು. 'ಮುದುಕಿ ಮಾರಾಟಕ್ಕಿದ್ದಾಳೆ. ಬಲಗೈ ಮುರಿದು ಕೂಡಿಸಿದ್ದು. ಬೆನ್ನ ಮೇಲೆ ಗೀರುಗಳಿವೆ. ಕಾಲು ಗಟ್ಟಿ. ಎಷ್ಟು ಭಾರ ಹಾಕಿದರೂ ನರಳುವುದಿಲ್ಲ. ಕರೆದುಕೊಂಡು ಹೋಗುವವರು ಬೇಗ ತಿಳಿಸಿ.' ಮೊದಲ ಫೋಟೋ, ಮುರಿದ ಕೈಯದು.

ಮಾರನೇ ದಿನ ಬೆಳಗ್ಗೆ ಅಂಗಡಿ ತೆರೆಯಲೇ ಇಲ್ಲ. ಅದರ ಜಾಗದಲ್ಲಿ ಒಂದು ಬೂದು ಪರದೆ, ಪರದೆಯಲ್ಲಿ ಒಂದು ಸಂದೇಶ. 'ತಾವು ವಯೋವೃದ್ಧ ಮಹಿಳೆಯೊಬ್ಬರನ್ನು, ಅವರಿಗಾದ ಗಾಯಗಳ ವಿವರ ಸಹಿತ, ಮಾರಾಟಕ್ಕೆ ಇರಿಸಿರುವುದು ಪತ್ತೆಯಾಗಿದೆ. ತಮ್ಮ ಮಳಿಗೆಯನ್ನು ತಡೆಹಿಡಿಯಲಾಗಿದೆ.'

ಕುಂದಕ್ಕ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅತ್ತೆಗೆ ಓದಿ ಹೇಳಿದಳು.

"ನನ್ನನ್ನೇ ಮಾರಕ್ಕಿಟ್ಟಿದೀಯ ಅಂದ್ಕೊಂಡ್ರೇನೇ? ಯಾರಾದ್ರೂ ಕೇಳ್ಕೊಂಡು ಬಂದ್ರಾ?" ಅಂದಳು ಅತ್ತೆ.

"ಇಲ್ಲ ಅತ್ತೆ, ಕೈ ಮುರಿದಿದೆ ಅಂತ ಬರೆದ್ನಲ್ಲ, ಎಲ್ಲ ಹಿಂದೇಟು ಹಾಕಿರ್ಬೇಕು."

ನಗು ಅಲ್ಲಿಗೆ ಮುಗಿಯಿತು. ಕೆಳಗೆ 'ಸಹಾಯ' ಅಂತ ಒಂದು ಗುಂಡಿ ಇತ್ತು, ಒತ್ತಿದರೆ ಒಂದು ಯಂತ್ರ ಮಾತಿಗೆ ಬಂತು. ಕುಂದಕ್ಕ, 'ಅದು ಕುರ್ಚಿ' ಅಂತ ಬರೆದಳು. 'ತಮ್ಮ ಬೇಸರ ನಮಗೆ ಅರ್ಥವಾಗುತ್ತದೆ' ಅಂತು ಯಂತ್ರ. 'ನನಗೆ ಬೇಸರ ಇಲ್ಲ, ಅದು ಕುರ್ಚಿ, ಫೋಟೋ ನೋಡಿ' ಅಂದಳು. 'ತಮ್ಮ ತಾಳ್ಮೆಗೆ ಧನ್ಯವಾದಗಳು' ಅಂತು. ತಾಳ್ಮೆ ಯಾರಿಗಿತ್ತು? ಅವಳ ಮೈಯೆಲ್ಲ ಉರಿದುಹೋಯಿತು. ಗೋಡೆಗಾದರೂ ಬೈದರೆ ಬೈದ ಹಾಗಿರುತ್ತೆ, ಈ ಮೂತಿಯಿಲ್ಲದ್ದಕ್ಕೆ ಏನಂತ ಬೈಯುವುದು! ಅವಳು ಬೈದು ಬೈದು ಸುಸ್ತಾದ ಮೇಲೆ ಕೊನೆಗೆ ಅದು ಒಂದು ದಾರಿ ತೋರಿಸಿತು. ಒಂದು ಸಣ್ಣ ಚೌಕ, ಅದರ ಪಕ್ಕ ಒಂದು ವಾಕ್ಯ: 'ನಾನು ವ್ಯಕ್ತಿಯನ್ನು ಮಾರಾಟಕ್ಕಿಟ್ಟ ತಪ್ಪನ್ನು ಒಪ್ಪಿಕೊಳ್ಳುತ್ತೇನೆ, ಇನ್ನೆಂದೂ ಹೀಗೆ ಮಾಡುವುದಿಲ್ಲ.' ಚೌಕ ಒತ್ತಿದರೆ ಆ ಕ್ಷಣವೇ ಅಂಗಡಿ ತೆರೆಯುತ್ತದೆ. ನಾಳೆ ಸಂಜೆಯೊಳಗೆ ಒತ್ತದಿದ್ದರೆ ಅಂಗಡಿ ಅಳಿಸಿಹೋಗುತ್ತದೆ, ಇಷ್ಟು ವರ್ಷ ಗಿರಾಕಿಗಳು ಬರೆದ ಒಳ್ಳೆ ಮಾತುಗಳ ಸಮೇತ.

ಗಂಡ ಕನ್ನಡಕದ ಅಂಗಡಿಯ ಕೆಲಸದಿಂದ ಬರುತ್ತಲೇ ವಿಷಯ ಕೇಳಿ, ಶೂ ಬಿಚ್ಚುವ ಮೊದಲೇ ತೀರ್ಮಾನ ಹೇಳಿಬಿಟ್ಟ. ಒಳ್ಳೆಯವನೇ ಪಾಪ, ಆದರೆ 'ಹೋಗ್ಲಿ ಬಿಡು' ಅನ್ನುವುದು ಅವನ ಉಸಿರು.

"ಹೋಗ್ಲಿ ಬಿಡು, ಒತ್ತಿಬಿಡು. ಒಂದು ಚೌಕ ತಾನೆ?"

"ಏನಂತ ಒತ್ಲಿ? ಮನುಷ್ಯರನ್ನ ಮಾರ್ದೆ ಅಂತ್ಲಾ?"

"ಅದನ್ನ ಯಾರೂ ಓದಲ್ಲ ಕಣೇ. ಒತ್ತೋರೂ ಓದಲ್ಲ, ಒತ್ತಿಸ್ಕೊಳ್ಳೋರೂ ಓದಲ್ಲ."

"ನಾನು ಓದಿದೀನಲ್ಲ!" ಅಂತ ಕುಂದಕ್ಕ ಎಷ್ಟು ಜೋರಾಗಿ ಅಂದಳೆಂದರೆ ಪಕ್ಕದ ಮನೆಯ ಕಿಟಕಿ ಟಪ್ಪಂತ ಮುಚ್ಚಿಕೊಂಡಿತು. "ಇಷ್ಟು ವರ್ಷ ಒಂದು ಸುಳ್ಳು ಬರೆದಿಲ್ಲ ನಾನು. ಬಿರುಕಿಲ್ಲದ ಕಡೆ ಬಿರುಕು ಅಂದಿಲ್ಲ, ಇದ್ದ ಕಡೆ ಇಲ್ಲ ಅಂದಿಲ್ಲ. ಈಗ ನನ್ನ ಬಗ್ಗೆ ನಾನೇ ಸುಳ್ಳು ಬರೀಬೇಕಾ?"

ಮಾರನೇ ದಿನ ಗಂಡನಿಗೆ ವಾರದ ರಜೆ. ಕುಂದಕ್ಕ ಹುಡುಕಿ ಹುಡುಕಿ, ಎಲ್ಲೋ ಮೂಲೆಯಲ್ಲಿ ಅಡಗಿಸಿಟ್ಟಿದ್ದ ಒಂದು ಫೋನ್ ನಂಬರು ಹಿಡಿದಳು. ಬಹಳ ಹೊತ್ತು ಪಿಟೀಲು ಕೇಳಿಸಿದ ಮೇಲೆ ಒಬ್ಬ ಮನುಷ್ಯ ಸಿಕ್ಕ. ಸುರಕ್ಷತಾ ವಿಭಾಗದ ಅಧಿಕಾರಿಯಂತೆ. ಪುಸ್ತಕ ಓದಿದ ಹಾಗೆ ಮಾತಾಡುತ್ತಿದ್ದ.

"ನಿಮಗೆ ಕಣ್ಣಿದೆಯಲ್ಲ ಸಾರ್? ಫೋಟೋದಲ್ಲಿ ಏನು ಕಾಣ್ತಿದೆ?" ಅಂದಳು ಕುಂದಕ್ಕ.

ಅವನು ಪುಸ್ತಕ ಪಕ್ಕಕ್ಕಿಟ್ಟ. "ಕುರ್ಚಿ ಮೇಡಂ. ತೂಗುಕುರ್ಚಿ. ಚೆನ್ನಾಗಿದೆ."

"ಮತ್ತೆ? ತಪ್ಪಾಯ್ತು ಅಂತ ತೆಗೀರಿ ಬೀಗ."

"ತಪ್ಪು ನಿಮ್ಮದು ಅನ್ನಕ್ಕೆ ಒಂದು ಗುಂಡಿ ಇದೆ ಮೇಡಂ, ಅದು ನಿಮ್ಮ ಹತ್ರ ಇದೆ. ತಪ್ಪು ನಮ್ಮದು ಅನ್ನಕ್ಕೆ ನಮ್ಮ ಹತ್ರ ಗುಂಡೀನೇ ಇಲ್ಲ. ಮಾಡಿಲ್ಲ ಅದನ್ನ."

ಕೇಳಿದಿರಲ್ಲ? ಗೊತ್ತಿದೆ ಅವನಿಗೆ! ಕುರ್ಚಿ ಅಂತ ಗೊತ್ತಿದ್ದೂ ಕೂತಿದ್ದಾನೆ, ಗುಂಡಿಯಿಲ್ಲ ಅಂತ. ನಾಲಿಗೆ ಇದೆಯಲ್ಲ, ಅದನ್ನು ಏನು ಮಾಡಿಕೊಂಡಿದ್ದಾನೋ! ಕುಂದಕ್ಕ ಅವನಿಗೆ ಏನೇನು ಅಂದಳೋ ಅದನ್ನೆಲ್ಲ ಇಲ್ಲಿ ಬರೆದರೆ ನನಗೂ ಬೀಗ ಬೀಳುತ್ತದೆ. ಕೊನೆಗೆ ಫೋನು ಮಂಚದ ಮೇಲೆ ಎಸೆದು ಬಟ್ಟೆ ಒಗೆಯಲು ಹೋದಳು. ಅಂಗಡಿ ಹಾಳಾಗಿ ಹೋಗಲಿ, ಚೌಕ ಒತ್ತುವುದಿಲ್ಲ ಅನ್ನುವುದು ಅಷ್ಟು ಹೊತ್ತಿಗೆ ಅವಳ ಮನಸ್ಸಿನಲ್ಲಿ ಗಟ್ಟಿಯಾಗಿತ್ತು.

ಸಂಜೆ ಫೋನಿನಲ್ಲಿ ಟಿಂಗ್ ಅಂತು. ಬಟ್ಟೆ ಮಡಚುತ್ತ ಎತ್ತಿಕೊಂಡು ನೋಡಿದರೆ ಅಂಗಡಿ ತೆರೆದಿದೆ! ಬೂದು ಪರದೆ ಮಾಯ, ದೊಡ್ಡಪ್ಪ, ಬಜಾರಿ, ಜಿಪುಣ ಎಲ್ಲರೂ ಅವರವರ ಜಾಗದಲ್ಲಿ. ಕುಂದಕ್ಕನ ಕಣ್ಣಲ್ಲಿ ನೀರೇ ಬಂತು. "ಅತ್ತೇ, ಬಿಟ್ಟುಬಿಟ್ರು! ಅವನಿಗೆ ಮನುಷ್ಯತ್ವ ಇತ್ತು ನೋಡಿ, ಸುಮ್ನೆ ಬೈದುಬಿಟ್ಟೆ" ಅಂತ ಕೂಗಿದಳು.

ಆದರೆ ಟಿಂಗ್ ಅಂದದ್ದು ಅಂಗಡಿಯಲ್ಲ, ಟೀಚರಮ್ಮನ ಸಂದೇಶ. ಟೀಚರಮ್ಮ ಅಂದರೆ ಕುಂದಕ್ಕನ ಮೊದಲ ಗಿರಾಕಿ, ಚಕ್ಕೆ ಎದ್ದ ಪಿಂಗಾಣಿ ಬಟ್ಟಲುಗಳನ್ನೇ ಹುಡುಕಿ ಕೊಳ್ಳುವವಳು. ಮುಖ ನೋಡಿಲ್ಲದಿದ್ದರೂ ಇಬ್ಬರಿಗೂ ಒಡಹುಟ್ಟಿದವರ ಸಲಿಗೆ. ಅವಳು ಬರೆದಿದ್ದಳು: 'ಅಕ್ಕಾ, ನಿಮ್ಮ ಅಂಗಡಿಯ ಹೆಸರಿನ ಕೆಳಗೆ ಇದೇನು ಹಾಕಿದಾರೆ? ಬೇರೆ ಯಾರಾದ್ರೂ ಆಗಿದ್ರೆ ಸುಳ್ಳು ಅಂತಿದ್ದೆ. ಆದ್ರೆ ನೀವೇ ಒಪ್ಕೊಂಡಿದೀರಿ ಅಂತಿದೆ. ನೀವು ಇಲ್ಲದ ಕುಂದನ್ನ ಬರೆಯೋರಲ್ಲ. ನಾನು ಹೇಳಿಟ್ಟಿದ್ದ ಆ ಬಟ್ಟಲುಗಳು ನನಗೆ ಬೇಡ.'

ಕುಂದಕ್ಕ ಮೇಲಕ್ಕೆ ಸರಿಸಿ ನೋಡಿದಳು. ಅವಳ ಅಂಗಡಿಯ ಹೆಸರಿನ ಕೆಳಗೆ, ಎಲ್ಲ ಗಿರಾಕಿಗಳಿಗೂ ಕಾಣುವ ಹಾಗೆ ಕೆಂಪಕ್ಷರದಲ್ಲಿ: 'ಈ ಮಾರಾಟಗಾರರು ವ್ಯಕ್ತಿಯನ್ನು ಮಾರಾಟಕ್ಕಿಟ್ಟ ತಪ್ಪನ್ನು ಒಪ್ಪಿಕೊಂಡಿದ್ದಾರೆ.'

ಅವಳು ಗಂಡನ ಮುಖ ನೋಡಿದಳು. ಅವನು ಟೀ ಲೋಟದೊಳಗೆ ನೋಡುತ್ತಿದ್ದ.

"ನೀನು ಬಟ್ಟೆ ಒಗೀತಿದ್ದೆ," ಅಂದ ಅವನು. "ಟೈಮ್ ಆಗ್ತಿತ್ತು. ಅಷ್ಟು ವರ್ಷದ ಅಂಗಡಿ. ಕಣ್ಮುಂದೆ ಹೋಗೋದನ್ನ ನೋಡಕ್ಕಾಗ್ಲಿಲ್ಲ ನನಗೆ. ಇದನ್ನ ಹೀಗೆ ಊರಿಗೆಲ್ಲ ಕಾಣೋ ಹಾಗೆ ಹಾಕ್ತಾರೆ ಅಂತ ನನಗೇನು ಗೊತ್ತು?"

"ಕಾಣದ ಹಾಗೆ ಹಾಕಿದ್ರೆ ಪರ್ವಾಗಿರ್ಲಿಲ್ವಾ?"

ಅವನು ಲೋಟ ಎತ್ತಿಕೊಂಡು ಅಡುಗೆಮನೆ ಕಡೆ ತಿರುಗಿದ.

"ಕೇಳ್ತಿರೋದು ನಿಮ್ಮನ್ನೇ. ಟೀಚರಮ್ಮ ಯಾಕೆ ನಂಬಿದ್ಲು ಗೊತ್ತಾ? ನಾನು ಸುಳ್ಳು ಹೇಳಲ್ಲ ಅಂತ ನಂಬಿದ್ಲು! ನಾನು ಕೂಡಿಟ್ಟ ಒಳ್ಳೆ ಹೆಸರನ್ನೇ ತಗೊಂಡು ನನ್ನ ಮುಖಕ್ಕೆ ಮಸಿ ಬಳಿದ್ರಲ್ಲ ನೀವು. ಅವರು ಯಂತ್ರ, ಅವರಿಗೆ ನಾನು ಯಾರೋ. ನಿಮಗೆ ನಾನು ಯಾರು?"

ಅತ್ತೆ ಯಾವತ್ತೂ ಗಂಡ ಹೆಂಡಿರ ಜಗಳದ ನಡುವೆ ಬಾಯಿ ಹಾಕಿದವಳಲ್ಲ, ಅವತ್ತು ಹಾಕಿದಳು. "ಲೋ, ಅವಳ ಹೆಸರಿಗೆ ಮಸಿ ಹಚ್ಚೋ ಮೊದ್ಲು ನಿನ್ನ ಹೆಸರು ನೆನಪಾಗ್ಲಿಲ್ವೇನೋ?" ಅಂದಳು ಮಗನಿಗೆ. ಅವನ ಮುಖ ಸಪ್ಪಗಾಯಿತು. ಆಗಲಿ. ಅಷ್ಟಾದರೂ ಆಗಲಿ.

ಕುಂದಕ್ಕ ಮತ್ತೆ ಅಧಿಕಾರಿಗೆ ಫೋನು ಮಾಡಿದಳು. ಒಪ್ಪಿದ್ದನ್ನು ವಾಪಸು ತೆಗೆದುಕೊಳ್ಳುತ್ತೇನೆ, ಆ ಕೆಂಪಕ್ಷರ ಅಳಿಸಿ ಅಂದಳು. ಒಪ್ಪಿದ್ದು ಒಪ್ಪಿದ್ದೇ, ವಾಪಸು ಇಲ್ಲ. ಬೇಕಾದರೆ ನೀವೇ ಅಂಗಡಿ ಮುಚ್ಚಬಹುದು, ಆಗ ಅಕ್ಷರವೂ ಹೋಗುತ್ತದೆ ಅಂದ. ಈ ಸಲ ಅವನು ಪುಸ್ತಕ ಕೆಳಗಿಡಲೇ ಇಲ್ಲ.

ಅವಳು ಹಿಂದಿನ ಕೋಣೆಗೆ ಹೋಗಿ ನೆಲದ ಮೇಲೆ ಕೂತಳು. ಅತ್ತೆ ಹಿಂದೆಯೇ ಬಂದು ಬೀರುವಿಗೆ ಒರಗಿ ನಿಂತಳು, ಗಂಡ ಹೊಸ್ತಿಲಲ್ಲೇ ಉಳಿದ. ಕುಂದಕ್ಕ ಮೊದಲು ಟೀಚರಮ್ಮನಿಗೆ ನಡೆದದ್ದೆಲ್ಲ ಬರೆದಳು. ನಂಬುವುದು ಬಿಡುವುದು ಅವಳಿಗೆ ಬಿಟ್ಟದ್ದು. ಆಮೇಲೆ 'ಅಂಗಡಿ ಮುಚ್ಚಿ' ಅನ್ನುವುದನ್ನು ಒತ್ತಿದಳು. ಆ್ಯಪ್ ಕೇಳಿತು, ಮುಚ್ಚಲು ಕಾರಣವೇನು? 'ಸಮಯವಿಲ್ಲ', 'ಲಾಭವಿಲ್ಲ', 'ಆಸಕ್ತಿಯಿಲ್ಲ' ಅಂತ ಮೂರು ಸಿದ್ಧ ಉತ್ತರ. ಯಾವುದೂ ಅವಳದಲ್ಲ. ಕೊನೆಗೆ 'ಇತರೆ' ಅಂತ ಒಂದು ಖಾಲಿ ಜಾಗ ಇತ್ತು. ಅಲ್ಲಿ ಬರೆದಳು: 'ನಾನು ಯಾವ ಮನುಷ್ಯರನ್ನೂ ಮಾರಿಲ್ಲ.'

ಕಳಿಸಿದಳು. ಆ್ಯಪ್ ಒಂದು ಸುತ್ತು ತಿರುಗಿ ಹೇಳಿತು: 'ತಮ್ಮ ಬರಹದಲ್ಲಿ ನಿಷೇಧಿತ ವಿಷಯವಿದೆ. ದಯವಿಟ್ಟು ತಿದ್ದಿ ಕಳುಹಿಸಿ.'

ಕುಂದಕ್ಕ ತಿದ್ದಲಿಲ್ಲ. ಅದೇ ವಾಕ್ಯವನ್ನು ಒಂದಕ್ಷರ ಆಚೀಚೆ ಮಾಡದೆ ಮತ್ತೆ ಬರೆದು ಕಳಿಸಿದಳು. ಮತ್ತೆ ಅದೇ ಉತ್ತರ. ಮತ್ತೆ ಬರೆದಳು.

"ಇತರೆ ಬೇಡ, ಸಮಯವಿಲ್ಲ ಅಂತ ಒತ್ತು, ಮುಗಿದುಹೋಗತ್ತೆ," ಅಂದ ಗಂಡ ಹೊಸ್ತಿಲಿಂದ ಮೆಲ್ಲಗೆ. ಅಂದವನೇ ತುಟಿ ಕಚ್ಚಿಕೊಂಡ. ಸ್ವಲ್ಪ ಹೊತ್ತಾದ ಮೇಲೆ ಒಳಗೆ ಬಂದು ಅವಳ ಪಕ್ಕ ನೆಲದ ಮೇಲೆ ಕೂತ. "ಎಷ್ಟು ಸಲ ಅಂತ ಕಳಿಸ್ತೀಯ?"

"ಯಾರಾದ್ರೂ ಮನುಷ್ಯರು ಓದೋವರೆಗೂ," ಅಂದಳು ಕುಂದಕ್ಕ, ಮತ್ತೆ ಒತ್ತಿದಳು.